ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ?

ಗಾನವಿ ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲವೂ ವಿಶಾಖಪಟ್ಟಣದಲ್ಲಿ. ಅವಳ ತಂದೆ ಧನಂಜಯ ಭದ್ರಾವತಿಯವರು. ಓದು ಮುಗಿದದ್ದೇ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಸೇರಿ, ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ನೆಲೆನಿಂತರು. ತಾಯಿ ಸಾಯಿಲಕ್ಷ್ಮಿ ವಿಜಯವಾಡದ ಒನ್ ಟೌನಿನವರು. ಬಳೆಯ ಸಗಟು ವ್ಯಾಪಾರದ ಮನೆತನ. ಹೀಗಾಗಿ ಗಾನವಿಗೆ ಕನ್ನಡವೆಂದರೆ ಅಪ್ಪನ ಜೊತೆ ಆಡುವ ಭಾಷೆ, ತೆಲುಗೆಂದರೆ ಉಳಿದ ಲೋಕದ ಜೊತೆ ಆಡುವ ಭಾಷೆ. ಅಪ್ಪನ ಜೊತೆ ಕನ್ನಡದಲ್ಲಿ ಜಗಳ ಶುರುಮಾಡಿದರೂ ಸಿಟ್ಟು ಏರಿದ ಹಾಗೆ ಮಾತು ತೆಲುಗಿಗೆ ಜಾರುತ್ತಿತ್ತು.

ಎರಡು ಮನೆಗಳ ಅಡುಗೆ ಬೇರೆ, ಹಬ್ಬ ಮಾಡುವ ಕ್ರಮ ಬೇರೆ. ಆದರೆ ಒಂದು ನಿಯಮ ಮಾತ್ರ ಭದ್ರಾವತಿಗೂ ಒನ್ ಟೌನಿಗೂ ಒಂದೇ ಆಗಿತ್ತು. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕಿದ್ದರೆ "ದೂರವಾ?" ಎನ್ನಬೇಕು, ಹೇಳುವ ಮನಸ್ಸಿದ್ದವರು ಹೇಳುತ್ತಾರೆ. ಯಾರಾದರೂ ಬಾಯಿತಪ್ಪಿ ಕೇಳಿಬಿಟ್ಟರೆ, ಹೊರಟವರು ಹಿಂದಿರುಗಿ ಬಂದು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಟೌನ್‌ಶಿಪ್ಪಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸಾಯಿಲಕ್ಷ್ಮಿಯನ್ನು ಮದುವೆಗೆ ಕೇಳಲು ಧನಂಜಯ ಒನ್ ಟೌನಿಗೆ ಹೋದಾಗ, ಅವಳ ತಾಯಿ ಕನಕದುರ್ಗ ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಹೊಸ್ತಿಲು ದಾಟುತ್ತಿದ್ದರು. ಧನಂಜಯ ಪಕ್ಕಕ್ಕೆ ಸರಿದು, ತಮಗೆ ಬರುತ್ತಿದ್ದ ಮುರುಕು ತೆಲುಗಿನಲ್ಲಿ "ದೂರಮಾ ಅಂಡಿ?" ಎಂದರು. ಕನಕದುರ್ಗ ಬುಟ್ಟಿ ಕೆಳಗಿಟ್ಟು ಒಳಗೆ ಬಂದು ಗಂಡನಿಗೆ ಹೇಳಿದರಂತೆ: "ಈ ಹುಡುಗನಿಗೆ ಭಾಷೆ ಬರೋದಿಲ್ಲ, ಮರ್ಯಾದೆ ಬರುತ್ತೆ. ಕೊಡಬಹುದು." ಇಂಥ ಇಬ್ಬರ ಮಧ್ಯೆ ಬೆಳೆದ ಹುಡುಗಿಗೆ ಆ ನಿಯಮ ಯಾರೂ ಕಲಿಸಿಕೊಡಬೇಕಾದ ವಿಷಯವೇ ಆಗಿರಲಿಲ್ಲ. ಅದು ನಾಲಿಗೆಯಲ್ಲೇ ಕೂತಿತ್ತು.

ಎಂಜಿನಿಯರುಗಳ ಟೌನ್‌ಶಿಪ್ಪಿನಲ್ಲಿ ಎಂಜಿನಿಯರಾಗದ ಮಕ್ಕಳಿಗೆ ಒಂದು ಬಗೆಯ ಅನುಕಂಪ ದೊರೆಯುತ್ತದೆ. ಗಾನವಿ ಹೋಟೆಲ್ ಮ್ಯಾನೇಜ್‌ಮೆಂಟ್ ಸೇರಿದಾಗ ನೆರೆಯವರು ಅದನ್ನು ಧಾರಾಳವಾಗಿ ಕೊಟ್ಟರು. ಧನಂಜಯ ತಮ್ಮ ನಿರಾಸೆಯನ್ನು ಮಗಳಿಗೆ ತೋರಿಸಲಿಲ್ಲ. ಅದನ್ನು ಅವಳು ಗಮನಿಸದೆ ಇರಲಿಲ್ಲ. ಓದಿನ ಕೊನೆಯ ವರ್ಷದಲ್ಲಿ ಕಾಲೇಜಿಗೆ ಒಂದು ಸುದ್ದಿ ಬಂತು. ಅರಬ್ ದೇಶದ ದೊಡ್ಡದೊಂದು ಥೀಮ್ ಪಾರ್ಕ್ ವಿದ್ಯಾರ್ಥಿಗಳನ್ನು ಆರು ತಿಂಗಳ ಕೆಲಸಕ್ಕೆ ಕರೆದುಕೊಳ್ಳುತ್ತದೆ, ವಾಸಕ್ಕೆ ಜಾಗ ಕೊಡುತ್ತದೆ, ಓದಿನ ಅಂಗವೆಂದೇ ಅದನ್ನು ಪರಿಗಣಿಸಲಾಗುತ್ತದೆ. ಆಯ್ಕೆಯಾಗದವರಿಗೆ ಪರವಾಡದ ಔಷಧ ಕಂಪನಿಯೊಂದರ ಕ್ಯಾಂಟೀನಿನಲ್ಲಿ ತರಬೇತಿ. ಕ್ಯಾಂಟೀನಿನ ಕೆಲಸ ಕೀಳಲ್ಲ. ಹಸಿದು ಶಿಫ್ಟ್ ಮುಗಿಸಿದವರಿಗೆ ಅನ್ನ ಬಡಿಸುವುದು ಮರ್ಯಾದಸ್ಥರ ಕೆಲಸ. ಆದರೆ ಗಾನವಿಗೆ ಬೇಕಾಗಿದ್ದದ್ದು ಜಾತ್ರೆಯಷ್ಟು ಜನರ ನಡುವೆ ನಿಂತು ದಾರಿ ತೋರಿಸುವ ಕೆಲಸ. ತನಗೇ ಬೇಕೆಂದು ಅವಳು ಬದುಕಿನಲ್ಲಿ ಆಸೆಪಟ್ಟ ಮೊದಲ ಸಂಗತಿ ಅದು.

ಆಯ್ಕೆ ನಾಟಕದ ರೀತಿಯಲ್ಲಿ ನಡೆಯಿತು. ಪಾರ್ಕಿನಿಂದ ಬಂದಿದ್ದ ಫಿಲಿಪೀನ್ಸಿನ ಮಹಿಳೆಯೊಬ್ಬರು ಪ್ರವಾಸಿಯ ಪಾತ್ರ ಮಾಡುತ್ತಿದ್ದರು. ವಿದ್ಯಾರ್ಥಿ ಪಾರ್ಕಿನ ನೌಕರನಂತೆ ವರ್ತಿಸಬೇಕು. ಗಾನವಿ ಸ್ವಾಗತ ಮಾಡಿದಳು, ನಕ್ಕಳು, ಅಳುವ ಮಗುವೊಂದು ಇದೆಯೆಂದು ಭಾವಿಸಿ ಅದನ್ನು ಸಮಾಧಾನಪಡಿಸಿದಳು. ಆಮೇಲೆ ಆ ಮಹಿಳೆ ಕೈಯಲ್ಲಿ ನಕ್ಷೆ ಹಿಡಿದು, ಅತ್ತ ನೋಡಿ ಇತ್ತ ನೋಡಿ, ಹೊರಟುಬಿಟ್ಟರು. ಗಾನವಿ ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವಳ ಹೆಸರು ಕಾಯುವವರ ಸಾಲಿಗೆ ಬಿತ್ತು. ಕಾಲೇಜಿನ ತರಬೇತಿಯ ಹೊಣೆ ಹೊತ್ತಿದ್ದ ಪ್ರತ್ಯೂಷಾ ಮೇಡಂ ಅವಳನ್ನು ಕರೆಸಿ ಕೇಳಿದರು.

"ನಗು ಸೂಪರ್. ಇಂಗ್ಲಿಷ್ ಸೂಪರ್. ಇಲ್ಲದಿರೋ ಮಗೂನೂ ಸುಮ್ಮನಾಯ್ತು. ಗೆಸ್ಟ್ ಹೊರಟಾಗ ನಿನಗೇನಾಯ್ತು? ಬಾಗಿಲ ಪರದೆ ಥರ ಪಕ್ಕಕ್ಕೆ ಸರಿದು ನಿಂತೆಯಲ್ಲ! ಎಲ್ಲಿಗೆ ಹೋಗ್ತಿದ್ದೀರಿ, ದಾರಿ ತೋರಿಸಲಾ ಅಂತ ಒಂದು ಮಾತು ಕೇಳಬಾರದಾ?"

"ಹೊಳೀಲಿಲ್ಲ ಮೇಡಂ."

"ದಾರಿ ಹೇಳೋ ಕೆಲಸಕ್ಕೆ ಹೋಗ್ತೀಯ, ದಾರಿ ಕೇಳೋದು ಹೊಳೀಲಿಲ್ಲ ಅಂತೀಯ. ದಸರಾ ಆದ ಮೇಲೆ ಅವರು ವಿಜಯವಾಡಕ್ಕೆ ಬರ್ತಾರೆ. ಇನ್ನೊಂದು ಸಲ ನೋಡಿ ಅಂತ ಕೇಳ್ಕೊಂಡಿದ್ದೀನಿ. ಮೂರನೇ ಸಲ ಇಲ್ಲ. ತಿಳೀತಾ?"

ಪ್ರತ್ಯೂಷಾ ಮೇಡಂ ಮೃದು ಸ್ವಭಾವದವರಲ್ಲ. ಇಂಥವರು ತನಗಾಗಿ ಬೇರೊಬ್ಬರ ಮುಂದೆ ಕೇಳಿಕೊಂಡಿದ್ದಾರೆ ಎಂಬುದರ ಬೆಲೆ ಗಾನವಿಗೆ ಗೊತ್ತಿತ್ತು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದಳು. "ಹೋಗು, ಹೋಗು," ಎಂದು ಅವರು ಕೈ ಬೀಸಿದರು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಧನಂಜಯ ಕಾರ್ಖಾನೆಯಿಂದ ಬಂದ ಮೇಲೆ ಟೋಪಿ ಹಾಕಿಕೊಂಡು, ಹೆಗಲಿಗೆ ಕ್ಯಾಮೆರಾದ ಬದಲು ಟಾರ್ಚು ನೇತುಹಾಕಿಕೊಂಡು, ಕ್ವಾರ್ಟರ್ಸಿನ ಮುಂದಿನ ಬಾದಾಮಿ ಮರದ ಸುತ್ತ ಪ್ರವಾಸಿಯಾಗಿ ತಿರುಗಿದರು.

"ಎಕ್ಸ್‌ಕ್ಯೂಸ್ ಮಿ, ಟಾಯ್ಲೆಟ್ ಎಲ್ಲಿದೆ?"

ಗಾನವಿ ಐದೂ ಬೆರಳು ಜೋಡಿಸಿ, ಅಂಗೈ ಮೇಲಕ್ಕೆ ಮಾಡಿ ತೋರಿಸಿದಳು. ಒಂದೇ ಬೆರಳು ತೋರಿಸುವುದು ಪಾರ್ಕಿನಲ್ಲಿ ನಿಷಿದ್ಧ.

"ಏನೇ ಇದು, ಸಿಟಿ ಬಸ್ ಕಂಡಕ್ಟರ್ ರೈಟ್ ರೈಟ್ ಅಂದಂಗಿದೆ. ಸ್ವಲ್ಪ ನಿಧಾನ."

"ಅಪ್ಪಾ, ನೀವು ಗೆಸ್ಟ್. ಗೆಸ್ಟು ಬೈಯಬಾರದು."

"ದುಡ್ಡು ಕೊಟ್ಟು ಬಂದೋನು ಬೈದೇ ಬೈತಾನೆ. ಕಲ್ತ್ಕೋ."

ಬೈಗುಳಕ್ಕೆ ಅವಳು ಬೇಗ ಒಗ್ಗಿದಳು. ಒಗ್ಗದಿದ್ದದ್ದು ಆ ಒಂದು ಪ್ರಶ್ನೆ. ಅಪ್ಪ ಹೊರಟ ನಟನೆ ಮಾಡಿದಾಗಲೆಲ್ಲ ಅವಳ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹೀಗಾದರೆ ಆಗದು ಎಂದು ಒಂದು ಬೆಳಿಗ್ಗೆ, ಧನಂಜಯ ನಿಜವಾಗಿಯೇ ಸ್ಕೂಟರ್ ಹತ್ತಿ ಶಿಫ್ಟಿಗೆ ಹೊರಟಾಗ, ಅವಳು ಗೇಟಿನ ಬಳಿ ಓಡಿ ನಿಂತು ಕಣ್ಣುಮುಚ್ಚಿ ಕೂಗಿದಳು: "ಸರ್! ಎಲ್ಲಿಗೆ ಹೋಗ್ತಿದ್ದೀರಿ ಸರ್?"

ಅಡುಗೆಮನೆಯಿಂದ ಸಾಯಿಲಕ್ಷ್ಮಿ ನೀರಿನ ಚೊಂಬು ಹಿಡಿದೇ ಓಡಿಬಂದರು. "ಅಯ್ಯಯ್ಯೋ! ಕರಗಿದ ಕಬ್ಬಿಣದ ಹತ್ರ ಹೋಗೋ ಮನುಷ್ಯನಿಗೆ ಕೇಳ್ತೀಯಲ್ಲೇ, ಬುದ್ಧಿ ಇದೆಯಾ? ಏಮಂಡೀ, ಇಳೀರಿ. ಇಳಿದು ಕೂತ್ಕೊಳ್ಳಿ. ನೀರು ಕುಡೀರಿ."

"ಲೇ, ಅದು ಪ್ರಾಕ್ಟೀಸು ಕಣೇ. ಟೈಮಾಯ್ತು."

"ದೋಷಕ್ಕೆ ಪ್ರಾಕ್ಟೀಸು ಅಂತ ಗೊತ್ತಾಗುತ್ತಾ? ಕೂತ್ಕೊಳ್ಳಿ ಅಂದೆ."

ಮೂವತ್ತು ವರ್ಷ ಉಕ್ಕು ಕಾಯಿಸಿದ ಮನುಷ್ಯ ಸ್ಕೂಟರ್ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ಅಂದು ಅವರು ಕೆಲಸಕ್ಕೆ ತಡವಾಗಿ ಹೋದರು. ಗಾನವಿ ಆ ಪ್ರಶ್ನೆಯನ್ನು ಮತ್ತೆ ಅಭ್ಯಾಸ ಮಾಡಲಿಲ್ಲ.

ದಸರಾ ರಜೆಗೆ ಅವಳು ವಿಜಯವಾಡಕ್ಕೆ ಹೋದಳು. ಕನಕದುರ್ಗ ಈಗ ಗಂಡನಿಲ್ಲದ ಮನೆಯಲ್ಲಿ ಮಗನ ಸಂಸಾರದೊಂದಿಗಿದ್ದರು. ಕೆಳಗೆ ಬಳೆಯ ಅಂಗಡಿ, ಮೇಲೆ ಮನೆ. ವಯಸ್ಸು ಅವರ ಮೊಣಕಾಲುಗಳನ್ನು ಹಿಡಿದಿತ್ತು, ನಾಲಿಗೆಯನ್ನು ಮುಟ್ಟಿರಲಿಲ್ಲ. ಮೊಮ್ಮಗಳ ಕಷ್ಟವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವರು ತೆಲುಗಿನಲ್ಲಿ ತೀರ್ಪು ಕೊಟ್ಟರು.

"ಜನರನ್ನ ನಿಭಾಯಿಸೋದು ಕಲೀಬೇಕಾ? ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ಯಾಕೆ ಕಲೀತೀಯೇ? ಬೆಟ್ಟದ ಮೇಲೆ ಅಮ್ಮನವರ ಕ್ಯೂನಲ್ಲಿ ಲಕ್ಷ ಜನ ನಿಂತಿದ್ದಾರೆ. ಸೇವೆಗೆ ಹೋಗು. ಪುಣ್ಯಾನೂ ಬರುತ್ತೆ, ಕೆಲಸಾನೂ ಬರುತ್ತೆ."

ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದಲ್ಲಿ ನವರಾತ್ರಿಯ ಜನಸಂದಣಿ ನಿಭಾಯಿಸಲು ಕಾಲೇಜು ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ನಿಲ್ಲುತ್ತಾರೆ. ಗಾನವಿಗೂ ಒಂದು ಬ್ಯಾಡ್ಜ್ ಸಿಕ್ಕಿತು. ಅವಳನ್ನು ನಿಲ್ಲಿಸಿದ್ದು ಬೆಟ್ಟದ ಬುಡದಲ್ಲಿ, ದರ್ಶನ ಮುಗಿಸಿದವರು ಹೊರಬರುವ ಜಾಗದಲ್ಲಿ. ಒಳಹೋಗುವ ಸಾಲಿನಲ್ಲಿ ಸಮಸ್ಯೆಯೇ ಇರಲಿಲ್ಲ. ಅಲ್ಲಿ ಎಲ್ಲರೂ ಹೋಗುವುದು ಒಂದೇ ಕಡೆಗೆ. ಹೊರಬಂದವರದೇ ಕಷ್ಟ. ಒಂದು ಬಾಗಿಲಿಂದ ಹೋಗಿ ಇನ್ನೊಂದರಿಂದ ಬಂದವರಿಗೆ ದಿಕ್ಕು ತಪ್ಪುತ್ತದೆ. ಒಂದು ದಾರಿ ಕೃಷ್ಣೆಯ ಘಾಟಿಗೆ, ಒಂದು ಬಸ್ ನಿಲ್ದಾಣಕ್ಕೆ, ಇನ್ನೊಂದು ಒನ್ ಟೌನಿನ ಬೀದಿಗಳಿಗೆ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದ ಹಿಡಿದು ಜನ ಕವಲಿನಲ್ಲಿ ನಿಂತು ತಡವರಿಸುತ್ತಿದ್ದರು. ಕೇಳಿದವರಿಗೆ ಗಾನವಿ ಚೆನ್ನಾಗಿಯೇ ಹೇಳುತ್ತಿದ್ದಳು. ಕೇಳದೆ ಹೊರಟವರಿಗೆ ಅವಳು ಐದು ಬೆರಳು ಜೋಡಿಸಿ ನಗುತ್ತಾ ಬಸ್ ನಿಲ್ದಾಣದ ದಾರಿ ತೋರಿಸುತ್ತಿದ್ದಳು. ಹೆಚ್ಚಿನವರು ಹೋಗುವುದು ಅಲ್ಲಿಗೇ ಎಂಬ ಲೆಕ್ಕಾಚಾರದಲ್ಲಿ.

ಮಧ್ಯಾಹ್ನದ ಹೊತ್ತಿಗೆ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಕವಲಿನಲ್ಲಿ ನಿಂತಳು. ಗಾನವಿ ಕೈ ತೋರಿಸಿದಳು. ಹೆಂಗಸು ನಂಬಿ ಅತ್ತ ನಡೆದಳು. ಬಹಳ ಹೊತ್ತಿನ ಮೇಲೆ ಅವಳು ಅದೇ ದಾರಿಯಲ್ಲಿ ವಾಪಸು ಬಂದಳು. ಮುಖ ಕೆಂಪಾಗಿತ್ತು, ಮಗು ಅಳುತ್ತಿತ್ತು.

"ಏನಮ್ಮಾ, ಬ್ಯಾಡ್ಜ್ ಹಾಕ್ಕೊಂಡು ನಿಂತಿದ್ದೀಯ. ಎಲ್ಲಿಗೆ ಹೋಗ್ಬೇಕು ಅಂತ ಒಂದು ಮಾತು ಕೇಳೋಕಾಗಲಿಲ್ವಾ? ನಮ್ಮತ್ತೆ ಘಾಟಿನಲ್ಲಿ ಕೂತಿದ್ದಾರೆ, ಬಿಸಿಲಲ್ಲಿ. ನನ್ನ ಬಸ್ ಸ್ಟ್ಯಾಂಡಿಗೆ ಕಳಿಸಿದೆಯಲ್ಲ. ಕಾಲು ನೋಡು, ಕಾಲು!"

ಗಾನವಿ ನೋಡಿದಳು. ಸುಡುವ ಡಾಂಬರಿನ ಮೇಲೆ ಆ ಹೆಂಗಸು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಬರಿಗಾಲು. ಚಪ್ಪಲಿ ಅತ್ತೆಯ ಬಳಿ ಘಾಟಿನಲ್ಲಿತ್ತು. ಗಾನವಿ ಕ್ಷಮೆ ಕೇಳಿ, ಮಗುವನ್ನು ತಾನೇ ಎತ್ತಿಕೊಂಡು, ನೆರಳು ಹುಡುಕಿ ನಡೆಸುತ್ತಾ ಅವಳನ್ನು ಘಾಟಿನವರೆಗೆ ಬಿಟ್ಟುಬಂದಳು. ಅತ್ತೆ ಸೊಸೆಗೆ ಬೈದರು, ಸೊಸೆ ಗಾನವಿಗೆ ಇನ್ನೊಮ್ಮೆ ಬೈದಳು. ಎರಡೂ ನ್ಯಾಯವಾಗಿಯೇ ಇದ್ದವು.

ಹಿಂದಿರುಗಿ ಬಂದು ನಿಂತಾಗ ಅವಳ ಕಣ್ಣು ಮುಖಗಳ ಮೇಲಿನಿಂದ ಇಳಿದು ಕಾಲುಗಳ ಮೇಲೆ ಬಿತ್ತು. ಬೆಟ್ಟದಿಂದ ಇಳಿಯುತ್ತಿದ್ದ ಎಲ್ಲ ಕಾಲುಗಳೂ ಬರಿಗಾಲುಗಳೇ. ಅಂದರೆ ಎಲ್ಲರ ಚಪ್ಪಲಿಯೂ ಎಲ್ಲೋ ಒಂದು ಕಡೆ ಇದೆ. ಮನೆಗಾಗಲಿ ಬಸ್ಸಿಗಾಗಲಿ ಹೋಗುವ ಮೊದಲು ಪ್ರತಿಯೊಬ್ಬರೂ ಅಲ್ಲಿಗೇ ಹೋಗಬೇಕು. ವಯಸ್ಸಾದ ದಂಪತಿಗಳು ಬಂದು ಕವಲಿನಲ್ಲಿ ನಿಂತರು. ಗಾನವಿಯ ಬಾಯಿಂದ ಮಾತು ತಾನಾಗಿ ಬಂತು.

"ಚಪ್ಪಲಿ ಎಲ್ಲಿ ಬಿಟ್ಟಿದ್ದೀರಿ ಅಂಡಿ?"

"ಅಲ್ಲೇ ಅಮ್ಮಾ, ಪೊಲೀಸ್ ಚೌಕಿ ಪಕ್ಕ, ಜ್ಯೂಸ್ ಗಾಡಿ ಇದೆಯಲ್ಲ," ಎಂದರು ಅಜ್ಜ. ಅಷ್ಟು ಸಾಕಿತ್ತು.

ಮುಂದಿನ ದಿನಗಳಲ್ಲಿ ಅವಳು ಯಾರನ್ನೂ ಎಲ್ಲಿಗೆ ಎಂದು ಕೇಳಲಿಲ್ಲ, ಯಾರನ್ನೂ ತಪ್ಪು ದಾರಿಗೆ ಕಳಿಸಲೂ ಇಲ್ಲ. ಚಪ್ಪಲಿ ಎಲ್ಲಿ? ಯಾರ ಜೊತೆ ಬಂದಿರಿ? ಅವರು ಎಲ್ಲಿ ಕಾಯುತ್ತಿದ್ದಾರೆ? ಈ ಪ್ರಶ್ನೆಗಳಿಗೆ ಜನ ಖುಷಿಯಿಂದ ಉತ್ತರ ಕೊಟ್ಟರು. ಕೆಲವರು ತಮ್ಮ ಸೊಸೆಯಂದಿರ ಬಗ್ಗೆಯೂ ಹೇಳಿದರು. ಒಂದು ಸಂಜೆ ಮನೆಗೆ ಬಂದು ಕಾಲು ನೀಡಿ ಕೂತಾಗ ಅವಳು ಅಜ್ಜಿಗೆ ಎಲ್ಲವನ್ನೂ ವರದಿ ಮಾಡಿದಳು.

"ಅಮ್ಮಮ್ಮಾ, ಆ ಹೆಂಗಸು ಬೈದದ್ದು ಒಳ್ಳೆಯದೇ ಆಯ್ತು."

"ಹೊರಟವರನ್ನ ಎಲ್ಲಿಗೆ ಅಂತ ಕೇಳಬೇಡ ಅಂದಿದ್ದೆ. ಬಾಯಿಗೆ ಬೀಗ ಹಾಕ್ಕೊಂಡು ನಿಲ್ಲು ಅಂದಿದ್ನಾ?" ಎಂದರು ಕನಕದುರ್ಗ. "ಆ ಹುಡುಗಿ ಹೆಸರೇನಂತೆ?"

"ಕೇಳಲಿಲ್ಲ."

"ಅದನ್ನೂ ಕೇಳಲಿಲ್ಲ! ಒಳ್ಳೆ ಮೊಮ್ಮಗಳು. ನಾಳೆ ಹೋಗಿ ಅಮ್ಮನವರಿಗೆ ಹೇಳು, ಹೆಸರು ಆ ತಾಯಿಗೆ ಗೊತ್ತಿರುತ್ತೆ."

ಗಾನವಿ ಹೇಳಿದಳು. ಅವಳು ಹೆಚ್ಚು ಪ್ರಾರ್ಥನೆ ಮಾಡುವ ಹುಡುಗಿಯಲ್ಲ. ಹೆಸರು ಗೊತ್ತಿಲ್ಲದ ಒಬ್ಬಳ ಕಾಲು ತನ್ನಿಂದ ಸುಟ್ಟಿತು, ಆ ಬೈಗುಳದಿಂದ ತನಗೆ ಕಣ್ಣು ಬಂತು, ಅವಳಿಗೆ ಒಳ್ಳೆಯದಾಗಲಿ ಎಂದಷ್ಟೇ ಹೇಳಿ ಇಳಿದುಬಂದಳು. ಕೃತಜ್ಞತೆಗೆ ಇದಕ್ಕಿಂತ ಉದ್ದ ಮಾತು ಬೇಕಿಲ್ಲ.

ಎರಡನೆಯ ಆಯ್ಕೆ ವಿಜಯವಾಡದ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಅದೇ ಫಿಲಿಪೀನ್ಸಿನ ಮಹಿಳೆ. ಅವರ ಪಕ್ಕದಲ್ಲಿ, ಮಾತಾಡಬಾರದೆಂಬ ಷರತ್ತಿನ ಮೇಲೆ ಕೂತಿದ್ದ ಪ್ರತ್ಯೂಷಾ ಮೇಡಂ. ನಾಟಕವೂ ಅದೇ. ಮಹಿಳೆ ನಕ್ಷೆ ಹಿಡಿದು ಅತ್ತಿತ್ತ ನೋಡಿ ಹೊರಟರು. ಗಾನವಿ ಎರಡು ಹೆಜ್ಜೆ ಮುಂದೆ ಬಂದು, ಅವರ ಜೊತೆಜೊತೆಗೇ ನಡೆಯುತ್ತಾ ಕೇಳಿದಳು.

"ಇವತ್ತು ಯಾರ ಜೊತೆ ಬಂದಿದ್ದೀರಿ ಮ್ಯಾಮ್?"

"ಗಂಡ, ಇಬ್ಬರು ಮಕ್ಕಳು."

"ಅವರನ್ನ ಎಲ್ಲಿ ಬಿಟ್ಟು ಬಂದಿರಿ?"

"ನೀರಿನ ಜಾರುಬಂಡೆ ಹತ್ತಿರ... ಅಲ್ಲ, ಐಸ್‌ಕ್ರೀಂ ಅಂಗಡಿ ಹತ್ತಿರ." ಮಹಿಳೆ ಪಾತ್ರ ಮರೆತು ಒಂದು ಕ್ಷಣ ನಿಜವಾಗಿಯೇ ಯೋಚಿಸಿದರು. ಗಾನವಿ ಅಂಗೈ ಮೇಲಕ್ಕೆ ಮಾಡಿ ದಾರಿ ತೋರಿಸಿ, ಮಕ್ಕಳಿಗೆ ಬಿಸಿಲಾಗದ ಹಾಗೆ ನೆರಳಿನ ದಾರಿಯಲ್ಲೇ ಹೋಗಿ ಎಂದಳು. ಮಹಿಳೆ ಏನೋ ಬರೆದುಕೊಂಡರು. ಮುಖದಿಂದ ಏನೂ ತಿಳಿಯಲಿಲ್ಲ. ಅವಳನ್ನು ಕೂರಿಸಿ ಇನ್ನಷ್ಟು ಪ್ರಶ್ನೆ ಕೇಳಿದರು. ಕೊನೆಗೆ ಅವರು ಫೈಲು ಮುಚ್ಚಿ, ಆಯ್ತು, ಹೋಗಬಹುದು ಎಂದರು. ಗಾನವಿ ಎದ್ದು ವಂದಿಸಿ ಬಾಗಿಲ ಕಡೆಗೆ ನಡೆದಳು.

"ಅಂದಹಾಗೆ," ಎಂದರು ಮಹಿಳೆ ಹಿಂದಿನಿಂದ, ಸೌಜನ್ಯಕ್ಕೆ, "ಈಗ ಎಲ್ಲಿಗೆ ಹೋಗ್ತೀಯ?"

ಗಾನವಿ ನಿಂತಳು. ತಿರುಗಿದಳು. ನೇರವಾಗಿ ನಡೆದುಬಂದು ತಾನು ಎದ್ದುಹೋಗಿದ್ದ ಕುರ್ಚಿಯಲ್ಲೇ ಕೂತು, ಮೇಜಿನ ಮೇಲಿದ್ದ ನೀರಿನ ಗ್ಲಾಸು ತೆಗೆದುಕೊಂಡು ಗಟಗಟ ಕುಡಿದುಬಿಟ್ಟಳು. ಅದು ಅವಳಿಗಾಗಿ ಇಟ್ಟ ಗ್ಲಾಸಾಗಿರಲಿಲ್ಲ. ಖಾಲಿ ಗ್ಲಾಸು ಕೆಳಗಿಟ್ಟಾಗಲೇ ತಾನು ಏನು ಮಾಡಿದೆ ಎಂದು ಅವಳಿಗೆ ತಿಳಿದದ್ದು.

ಮಹಿಳೆ ಗ್ಲಾಸನ್ನೂ ಅವಳನ್ನೂ ನೋಡಿದರು. ಅಷ್ಟರಲ್ಲಿ ಪ್ರತ್ಯೂಷಾ ಮೇಡಂ ಷರತ್ತು ಮುರಿದರು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಜೋರಾಗಿ ನಕ್ಕರು, ಆಮೇಲೆ ತೆಲುಗಿನಲ್ಲಿ ಹಣೆ ಚಚ್ಚಿಕೊಂಡರು. "ಓಸಿ ಪಿಚ್ಚಿದಾನಾ, ಹುಚ್ಚು ಹುಡುಗೀ! ಇದಕ್ಕಾ ಅವತ್ತು ಪರದೆ ಥರ ನಿಂತಿದ್ದು? ನಮ್ಮಮ್ಮನೂ ಹೀಗೇ. ನನಗೆ ಹೊಳೀಲೇ ಇಲ್ಲ ನೋಡು!"

ಮಹಿಳೆ ಕೇಳಿದ ಮೇಲೆ ಗಾನವಿ ವಿವರಿಸಲೇಬೇಕಾಯಿತು. ಹೊರಟವರನ್ನು ಕೇಳಬಾರದ ನಿಯಮ, ಸ್ಕೂಟರಿನಿಂದ ಇಳಿದ ಅಪ್ಪ, ಬೆಟ್ಟದ ಬುಡದ ಕವಲು, ಸುಟ್ಟ ಕಾಲು, ಚಪ್ಪಲಿ. ಹೇಳುತ್ತಾ ಹೇಳುತ್ತಾ ಅವಳ ಇಂಗ್ಲಿಷಿನಿಂದ ತರಗತಿಯ ನಯ ಕಳಚಿ, ಮಾತು ಸರಾಗವಾಯಿತು. ಮಹಿಳೆ ನಗಲಿಲ್ಲ.

"ನಮ್ಮ ಗೇಟಿನಲ್ಲಿ ದಿನಕ್ಕೆ ಸಾವಿರ ಸಲ ಆ ಪ್ರಶ್ನೆ ಕೇಳುತ್ತೇವೆ," ಎಂದರು. "ಕೇಳಿಸಿಕೊಂಡವರೆಲ್ಲ ನಿನ್ನ ಹಾಗೆ ಕೂತು ನೀರು ಕುಡಿದರೆ ಕುರ್ಚಿ ಎಲ್ಲಿಂದ ತರೋಣ?" ಆಮೇಲೆ ಪೆನ್ನು ತೆಗೆದರು. "ದಾರಿ ತಪ್ಪಿದವರಿಗೆ ಎಲ್ಲಿಗೆ ಹೋಗಬೇಕು ಅನ್ನೋದು ಎಷ್ಟೋ ಸಲ ಗೊತ್ತಿರೋದಿಲ್ಲ. ಯಾರನ್ನ ಎಲ್ಲಿ ಬಿಟ್ಟು ಬಂದೆ ಅನ್ನೋದು ಮಾತ್ರ ಗೊತ್ತಿರುತ್ತೆ. ಅದು ನಿನಗೆ ತಿಳಿದಿದೆ. ಜನವರಿಯಲ್ಲಿ ಬಾ."

ಕಾರಿಡಾರಿನಲ್ಲಿ ಗಾನವಿ ಪ್ರತ್ಯೂಷಾ ಮೇಡಂ ಅವರ ಕೈ ಹಿಡಿದುಕೊಂಡಳು. ಈ ಸಲ ಅವರು ಹೋಗು ಹೋಗು ಎನ್ನಲಿಲ್ಲ.

ಹೊರಡುವ ದಿನ ಧನಂಜಯ, ಸಾಯಿಲಕ್ಷ್ಮಿ ಇಬ್ಬರೂ ವಿಜಯವಾಡಕ್ಕೆ ಬಂದಿದ್ದರು; ವಿಮಾನ ಅಲ್ಲಿಗೆ ಹತ್ತಿರದ ಗನ್ನವರಂನಿಂದ. ಒನ್ ಟೌನಿನ ಬೀದಿಗೆ ಕಾರು ನುಗ್ಗುವುದಿಲ್ಲ, ಆದ್ದರಿಂದ ಆಟೊ ಕರೆಸಿದ್ದರು. ಧನಂಜಯ ಸೂಟ್‌ಕೇಸಿನ ಹಗ್ಗವನ್ನು ಮತ್ತೆ ಮತ್ತೆ ಬಿಗಿಮಾಡಿದರು.

"ಅಪ್ಪಾ, ಸಾಕು. ಬಿಚ್ಚೋರು ಯಾರು ಅಲ್ಲಿ?"

"ಬೈಯೋ ಗೆಸ್ಟ್ ಸಿಕ್ಕಿದ್ರೆ ನನ್ನ ನೆನಸ್ಕೋ," ಎಂದರು ಧನಂಜಯ. ಗಾನವಿಗೆ ಬಾದಾಮಿ ಮರದ ಸುತ್ತ ಟೋಪಿ ಹಾಕಿಕೊಂಡು ತಿರುಗಿದ ಅಪ್ಪ ಕಣ್ಣ ಮುಂದೆ ಬಂದರು. ಎಂಜಿನಿಯರಾಗದ ಮಗಳಿಗಾಗಿ, ಇಡೀ ಟೌನ್‌ಶಿಪ್ಪು ಬಾಲ್ಕನಿಯಿಂದ ನೋಡುತ್ತಿರುವಾಗ, ಟಾಯ್ಲೆಟ್ ಎಲ್ಲಿದೆ ಎಂದು ಕೇಳುತ್ತಾ ತಿರುಗಿದ ಅಪ್ಪ. ಅವಳು ಬಗ್ಗಿ ಅವರ ಕಾಲು ಮುಟ್ಟಿದಳು, ಅಮ್ಮನ ಕಾಲು ಮುಟ್ಟಿದಳು, ಅಜ್ಜಿಯ ನೋಯುವ ಮೊಣಕಾಲಿಗೆ ತಾಗದಂತೆ ಅವರ ಪಾದ ಮುಟ್ಟಿದಳು. ಅಪ್ಪ, ಅಮ್ಮ, ಮಗಳು ಮೂವರೂ ಆಟೊ ಹತ್ತಿದರು. ಡ್ರೈವರ್ ಹಿಂದಕ್ಕೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಎಕ್ಕಡಿಕಮ್ಮಾ?"

ಸಾಯಿಲಕ್ಷ್ಮಿ ಎದೆಗೆ ಕೈ ಇಟ್ಟುಕೊಂಡರು. ಗಾನವಿ ಆಗಲೇ ಒಂದು ಕಾಲು ಕೆಳಗಿಟ್ಟಿದ್ದಳು. ಕನಕದುರ್ಗ ಬಾಗಿಲಲ್ಲಿ ನಿಂತಲ್ಲಿಂದಲೇ ಕೋಲು ಎತ್ತಿ ಅವಳನ್ನು ತಡೆದರು.

"ಕೂತ್ಕೋ. ಅವನು ಕೇಳಬೇಕಾದ್ದೇ. ಎಲ್ಲಿಗೆ ಅಂತ ಕೇಳದೆ ಆಟೊ ಹೇಗೆ ಓಡಿಸ್ತಾನೆ? ಕೆಲಸಕ್ಕೆ ನಿಂತೋರು ಕೇಳಿದ್ರೆ ದೋಷ ಇಲ್ಲ. ನಿನಗೂ ಇನ್ಮೇಲೆ ಇಲ್ಲ."

ಗಾನವಿ ಅಜ್ಜಿಯನ್ನು ದಿಟ್ಟಿಸಿದಳು. "ಅಮ್ಮಮ್ಮಾ! ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ನೀನು ಕೇಳಿದ್ಯಾ?" ಎಂದರು ಕನಕದುರ್ಗ. ಆಮೇಲೆ ಒಳಗೆ ತಿರುಗಿ, ಸೊಸೆಗೆ ಕೂಗಿ ಹೇಳಿದರು: "ಹಾಗೇ ಒಂದು ಲೋಟ ನೀರು ತಾರಮ್ಮಾ. ಎಷ್ಟಾದರೂ ದೂರದ ದಾರಿ."

ಗಾನವಿ ಆಟೊದಲ್ಲಿ ಕೂತೇ ಪೂರ್ತಿ ಲೋಟ ಕುಡಿದಳು.